ಮಾಳಿಗೆಯಿಂದ ಕಂಡ ಕೌದಿ

ಕೌದಿ, ಕಂಬಳಿ, ಜಮಖಾನದಂಥ ಅಗಲವಾದ ಬಟ್ಟೆಯ ಫೋಟೊ ತೆಗೆಯುವ ಬಗ್ಗೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ಎತ್ತರಕ್ಕೆ ಹತ್ತಿ ನಿಂತು, ನಾಲ್ಕೂ ಅಂಚು ಬರುವ ಹಾಗೆ ನೇರ ಕೆಳಗೆ ನೋಡಿ ಒಂದು ಫೋಟೊ ಹೊಡೆದರೆ ಕೆಲಸ ಮುಗಿಯಿತು. ಬಳ್ಳಾರಿ ನಗರದ ಸ್ಟುಡಿಯೊದಲ್ಲಾದರೆ ಇದಕ್ಕೆ ಏಣಿ ಬೇಕು. ಸಿರುಗುಪ್ಪ, ಕುರುಗೋಡು ಸುತ್ತಿನ ಹಳ್ಳಿಗಳಲ್ಲಿ ಮನೆಯ ಮಾಳಿಗೆಯೇ ಸಾಕು. ಅಂಗಳದಲ್ಲಿ ಕೌದಿ, ಮಾಳಿಗೆಯ ಅಂಚಿನಲ್ಲಿ ಮೊಬೈಲು ಹಿಡಿದು ಬಗ್ಗಿದ ಹುಡುಗ. ಹೀಗೆ ತೆಗೆದದ್ದೇ ಪ್ರಾಮಾಣಿಕ ಚಿತ್ರ ಎಂಬ ನಂಬಿಕೆ ಬೇರೂರಿದೆ: ಅಲಂಕಾರವಿಲ್ಲ, ಮುಚ್ಚುಮರೆಯಿಲ್ಲ, ಬಟ್ಟೆ ಇದ್ದದ್ದು ಇದ್ದ ಹಾಗೆ ಕಾಣುತ್ತದಂತೆ. ಆನ್‌ಲೈನ್ ಮಾರಾಟ ಕಲಿಸುವವರು, ಪ್ರದರ್ಶನದ ಕ್ಯಾಟಲಾಗ್ ಮಾಡುವವರು, ಜಾನಪದ ವಸ್ತುಗಳನ್ನು ದಾಖಲಿಸುವವರು, ಈ ಮೂವರೂ ಒಪ್ಪಿಬಿಟ್ಟಿರುವುದರಿಂದ ಅದನ್ನು ಪ್ರಶ್ನಿಸುವವರೇ ಇಲ್ಲ. ಆದರೆ ಕೈಯಿಂದ ಮಾಡಿದ ಬಟ್ಟೆಯ ಮಟ್ಟಿಗೆ ಇಷ್ಟು ಕಡಿಮೆ ಸತ್ಯ ಹೇಳುವ ಚಿತ್ರ ಇನ್ನೊಂದಿಲ್ಲ. ಯಂತ್ರ ಸುಲಭವಾಗಿ ನಕಲು ಮಾಡಬಲ್ಲದ್ದನ್ನು ಅದು ಎತ್ತಿ ತೋರಿಸುತ್ತದೆ; ನಕಲು ಮಾಡಲಾಗದ್ದನ್ನು ಅಳಿಸಿಹಾಕುತ್ತದೆ.

ಮೊದಲು ದಪ್ಪದ ವಿಚಾರ. ಹಳೆಯ ಸೀರೆ, ಪಂಚೆ, ಉಳಿದ ಬಟ್ಟೆಯ ತುಂಡುಗಳನ್ನು ಪದರದ ಮೇಲೆ ಪದರವಾಗಿ ಹಾಸಿ, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ, ಸಾಲಿನ ಪಕ್ಕ ಸಾಲು ಹೊಲಿದರೆ ಕೌದಿ. ಅದರ ಬೆಲೆ ಇರುವುದೇ ಪದರಗಳಲ್ಲಿ ಮತ್ತು ಆ ಪದರಗಳನ್ನು ಹಿಡಿದಿಟ್ಟ ಹೊಲಿಗೆಯಲ್ಲಿ. ಎರಡು ಪದರದ ಕೌದಿಗೂ ಆರು ಪದರದ ಕೌದಿಗೂ ಚಳಿಗಾಲದ ರಾತ್ರಿ ಹೊದ್ದವರಿಗೆ ತಿಳಿಯುವ ವ್ಯತ್ಯಾಸವಿದೆ, ಹೊಲಿದವಳ ಬೆರಳಿಗಂತೂ ಇನ್ನೂ ಚೆನ್ನಾಗಿ ತಿಳಿಯುವ ವ್ಯತ್ಯಾಸವಿದೆ. ಈಗ ಕ್ಯಾಮೆರಾವನ್ನು ನೇರ ಮೇಲೆ ಇಡಿ. ಅದು ಯಾವ ದಿಕ್ಕಿನಲ್ಲಿ ನೋಡುತ್ತಿದೆಯೋ ಅದೇ ದಿಕ್ಕಿನಲ್ಲಿ ಕೌದಿಯ ದಪ್ಪವೂ ಇದೆ. ನೋಟದ ದಿಕ್ಕಿನಲ್ಲಿರುವ ಅಳತೆ ಚಿತ್ರದಲ್ಲಿ ಸೊನ್ನೆಯಾಗುತ್ತದೆ. ಇದು ರೇಖಾಗಣಿತ, ಅಭಿರುಚಿಯ ಪ್ರಶ್ನೆಯಲ್ಲ. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಆ ಸೊನ್ನೆ ತುಂಬುವುದಿಲ್ಲ. ತೇಪೆಯ ವಿನ್ಯಾಸವನ್ನೇ ಅಚ್ಚು ಹಾಕಿದ ತೆಳ್ಳನೆಯ ಬೆಡ್‌ಶೀಟು ಮತ್ತು ತಿಂಗಳುಗಟ್ಟಲೆ ಹೊಲಿದ ಕೌದಿ, ಎರಡನ್ನೂ ಅಕ್ಕಪಕ್ಕ ಹಾಸಿ ಮೇಲಿನಿಂದ ಫೋಟೊ ತೆಗೆದರೆ ಎರಡೂ ಒಂದೇ ಜಾತಿಯ ವಸ್ತುವಾಗಿ ಕಾಣುತ್ತವೆ. ಬೆಡ್‌ಶೀಟೇ ಗೆದ್ದರೂ ಆಶ್ಚರ್ಯವಿಲ್ಲ, ಅದರ ಅಂಚು ನೆಟ್ಟಗಿರುತ್ತದೆ.

ದಪ್ಪ ಹೋಗಲಿ, ಹೊಲಿಗೆಯಾದರೂ ಕಾಣುತ್ತದೆಯೇ? ಒಂದು ಸಣ್ಣ ಲೆಕ್ಕ ಹಾಕೋಣ. ಎಂಟು ಅಡಿ, ಅಂದರೆ ಸುಮಾರು 2.4 ಮೀಟರ್ ಚೌಕದ ಕೌದಿ. ಸಾಮಾನ್ಯ ಮೊಬೈಲಿನ ಮುಖ್ಯ ಕ್ಯಾಮೆರಾ ಅದನ್ನು ಪೂರ್ತಿ ಹಿಡಿಯಬೇಕಾದರೆ ಸುಮಾರು ಅಷ್ಟೇ ಎತ್ತರದಲ್ಲಿ, ಕೌದಿಯ ನಟ್ಟನಡುವಿನ ಮೇಲೆ ಇರಬೇಕು. 12 ಮೆಗಾಪಿಕ್ಸೆಲ್ ಚಿತ್ರದ ಕಿರಿಯ ಬದಿಯಲ್ಲಿ 3,000 ಚುಕ್ಕೆಗಳಿರುತ್ತವೆ. 2.4 ಮೀಟರನ್ನು ಅದರಿಂದ ಭಾಗಿಸಿದರೆ ಒಂದು ಚುಕ್ಕೆಯ ಪಾಲಿಗೆ 0.8 ಮಿಲಿಮೀಟರ್ ಬಟ್ಟೆ. ಹೊಲಿಗೆಯ ದಾರ ಅದಕ್ಕಿಂತ ಸಪೂರ. ಮಾರಾಟದ ತಾಣಕ್ಕೆ ಹೋಗುವಾಗ ಚಿತ್ರ ಕುಗ್ಗುತ್ತದೆ. 1,000 ಚುಕ್ಕೆಗೆ ಇಳಿದರೆ ಚುಕ್ಕೆಯೊಂದಕ್ಕೆ 2.4 ಮಿಲಿಮೀಟರ್. ಭತ್ತದ ಕಾಳಿನಷ್ಟುದ್ದದ ಒಂದು ಹೊಲಿಗೆ ಎರಡು ಮೂರು ಚುಕ್ಕೆಯೊಳಗೆ ಕರಗಿ ಸುತ್ತಲಿನ ಬಣ್ಣದೊಂದಿಗೆ ಸೇರಿಹೋಗುತ್ತದೆ. ಕೊನೆಗೆ ಕೊಳ್ಳುವವರು ನೋಡುವುದು ಏಳು ಸೆಂಟಿಮೀಟರ್ ಅಗಲದ ಮೊಬೈಲ್ ಪರದೆಯಲ್ಲಿ, ಅಂದರೆ ನಿಜದ ಮೂವತ್ತನಾಲ್ಕರಲ್ಲಿ ಒಂದು ಪಾಲಿನಲ್ಲಿ. ಆ ಚಿತ್ರದಲ್ಲಿ ಉಳಿಯುವುದು ಬಣ್ಣದ ಚೌಕಗಳು ಮಾತ್ರ. ಬಣ್ಣದ ಚೌಕಗಳನ್ನು ಯಾವ ಅಚ್ಚಿನ ಯಂತ್ರ ಬೇಕಾದರೂ ಗಂಟೆಗೆ ನೂರಾರು ಮೀಟರ್ ಉರುಳಿಸುತ್ತದೆ. ಇನ್ನು ಸಣ್ಣ ಗೆರೆಗಳು ಒತ್ತಾಗಿರುವ ನೇಯ್ಗೆಯಾದರೆ ಬೇರೊಂದು ತಾಪತ್ರಯ: ಬಟ್ಟೆಯ ಗೆರೆಗಳೂ ಚುಕ್ಕೆಗಳ ಸಾಲೂ ಒಂದರ ಮೇಲೊಂದು ಬಿದ್ದು, ನೇಕಾರ ಎಂದೂ ನೇಯದ ಅಲೆಅಲೆ ವಿನ್ಯಾಸ ಚಿತ್ರದಲ್ಲಿ ಹುಟ್ಟಿಕೊಳ್ಳುತ್ತದೆ.

ಮಾಳಿಗೆಯ ಅಂಚಿನಿಂದ ತೆಗೆದ ಚಿತ್ರವಂತೂ ನೇರ ಮೇಲಿನದೂ ಅಲ್ಲ. ಕೌದಿಯ ಹತ್ತಿರದ ಬದಿ ಅಗಲ, ದೂರದ ಬದಿ ಸಣ್ಣ. ಚೌಕ ಇದ್ದದ್ದು ಒಡೆದ ಮಡಕೆಯ ಚೂರಿನ ಆಕಾರ ತಾಳುತ್ತದೆ. ಅದನ್ನು ಆ್ಯಪ್‌ನಲ್ಲಿ ಎಳೆದು ನೆಟ್ಟಗೆ ಮಾಡಿದಾಗ, ದೂರದ ಬದಿಗೆ ಇಲ್ಲದ ಚುಕ್ಕೆಗಳನ್ನು ಆ್ಯಪ್ ತಾನೇ ಊಹಿಸಿ ತುಂಬುತ್ತದೆ. ಪ್ರಾಮಾಣಿಕ ಚಿತ್ರದ ಒಂದು ಭಾಗ ಹೀಗೆ ಊಹೆಯದು.

ಬೆಳಕಿನ ವಿಷಯಕ್ಕೆ ಬಂದರೆ ಬಳ್ಳಾರಿ ಸೀಮೆಯ ಭೂಗೋಳವೇ ಈ ಪದ್ಧತಿಗೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ನೆರಳು ಬೀಳದ ಹೊತ್ತಿನಲ್ಲಿ ಚಿತ್ರ ತೆಗೆಯಿರಿ, ಎಲ್ಲ ಕಡೆ ಸಮನಾದ ಬೆಳಕಿರಲಿ ಎನ್ನುತ್ತಾರೆ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದ ಆಸುಪಾಸು, ಮತ್ತೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆ ಹೊತ್ತಿನಲ್ಲಿ ನೆಲಕ್ಕೆ ಹಾಸಿದ ಕೌದಿಯ ಮೇಲೆ ಬೆಳಕು ಬೀಳುವುದು ಕ್ಯಾಮೆರಾ ನೋಡುವ ದಿಕ್ಕಿನಲ್ಲೇ. ಉಬ್ಬು ತಗ್ಗು ಎಲ್ಲವೂ ಸಪಾಟು. ಆದರೆ ಹೊಲಿಗೆಯನ್ನು ಕಣ್ಣಿಗೆ ಕಾಣಿಸುವುದು ನೆರಳೇ. ದಾರ ಎಳೆದಲ್ಲಿ ಬಟ್ಟೆ ತಗ್ಗುತ್ತದೆ, ಎರಡು ಸಾಲಿನ ನಡುವೆ ಉಬ್ಬುತ್ತದೆ. ಆ ಉಬ್ಬಿನ ನೆರಳು ಪಕ್ಕದ ತಗ್ಗಿಗೆ ಬಿದ್ದಾಗಲೇ ಅದು ಹೊಲಿದ ಬಟ್ಟೆ ಎಂದು ಗೊತ್ತಾಗುವುದು. ಒಂದು ಮಿಲಿಮೀಟರ್ ಎತ್ತರದ ಉಬ್ಬಿಗೆ 45 ಡಿಗ್ರಿಯ ಬೆಳಕಿನಲ್ಲಿ ಒಂದೇ ಮಿಲಿಮೀಟರ್ ನೆರಳು. ಬೆಳಕು 15 ಡಿಗ್ರಿಗೆ ಇಳಿದರೆ ಸುಮಾರು 3.7 ಮಿಲಿಮೀಟರ್. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಕುಗ್ಗಿದ ಚಿತ್ರದಲ್ಲಿ ಒಂದು ಚುಕ್ಕೆಗೆ 2.4 ಮಿಲಿಮೀಟರ್. ದಾರವೇ ಕಾಣದ ಚಿತ್ರದಲ್ಲೂ ಉಬ್ಬಿನ ನೆರಳು ಕಾಣಬಲ್ಲದು, ಬೆಳಕು ಓರೆಯಾಗಿದ್ದರೆ.

ಅದೇ ಸೂರ್ಯನ ಕೆಳಗೆ ಅದೇ ಕೌದಿಯನ್ನು ಗೋಡೆಗೆ ತೂಗುಹಾಕಿ ನೋಡಿ. ಮಾರ್ಚ್ ಮೂರನೆಯ ವಾರದಲ್ಲಿ ಬಳ್ಳಾರಿಯ ನಡುಹಗಲ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಸಿದ ಬಟ್ಟೆಗೆ ಅದು ಸಪ್ಪೆ ಬೆಳಕು. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಮೇಲಿನ ಬಟ್ಟೆಗೆ ಮಾತ್ರ ಅದು ಬರೀ 15 ಡಿಗ್ರಿಯಲ್ಲಿ ಮೈಸವರಿಕೊಂಡು ಇಳಿಯುವ ಬೆಳಕು. ಸಾಲುಸಾಲು ಹೊಲಿಗೆ ಎದ್ದು ನಿಲ್ಲುತ್ತದೆ. ಬೆಳಕಿನ ಸಲಕರಣೆಗೆ ಒಂದು ಪೈಸೆ ಖರ್ಚಿಲ್ಲ. ಮೇಲಿನಿಂದಲೇ ತೆಗೆಯುತ್ತೇವೆಂದು ಹಟ ಹಿಡಿಯುವವರು ಕನಿಷ್ಠ ಸೂರ್ಯ ಹುಟ್ಟಿ ಒಂದು ಗಂಟೆಯಾದ ಹೊತ್ತಿಗೆ ತೆಗೆಯಲಿ, ಆಗಲೂ ಬೆಳಕು ಹೆಚ್ಚುಕಡಿಮೆ ಅಷ್ಟೇ ಓರೆಯಾಗಿರುತ್ತದೆ. ಆದರೆ ಸಮಬೆಳಕಿನ ಉಪದೇಶ ಕೇಳಿದವರು ಆ ಹೊತ್ತನ್ನೇ ತಪ್ಪಿಸುತ್ತಾರೆ.

ಕಂಬಳಿಯ ಪಾಡು ಇನ್ನೂ ಕಷ್ಟ. ಬಳ್ಳಾರಿ ಹೆಸರಿನದೇ ಒಂದು ಕುರಿ ತಳಿ ಇದೆ. ಅದರ ಉಣ್ಣೆ ಒರಟು, ಕೂದಲಿನಂಥದು. ಇಂಥ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕರಿ ಕಂಬಳಿಯ ಗುಣವೆಲ್ಲ ಅದರ ಒರಟುತನದಲ್ಲಿದೆ. ಮಳೆಯ ಹನಿ ಬೇಗ ಒಳಗಿಳಿಯದಿರುವುದು, ಕುರಿಯ ಹಿಂದೆ ಹೋಗುವವನ ಹೆಗಲ ಮೇಲೆ ಗೊಪ್ಪೆಯಾಗಿ ನಿಲ್ಲುವುದು ಅದರಿಂದಲೇ. ಅದನ್ನು ನೆಲಕ್ಕೆ ಹಾಸಿ ಚೌಕಟ್ಟಿನ ತುಂಬ ಬರುವ ಹಾಗೆ ತೆಗೆದರೆ, ಲೋಕವೆಲ್ಲ ನಡುಬೂದು ಎಂದು ಎಣಿಸಿಕೊಂಡಿರುವ ಕ್ಯಾಮೆರಾ ಕಪ್ಪನ್ನು ಕಂಡು ಬೆಳಕು ಸಾಲದೆಂದು ತಿಳಿಯುತ್ತದೆ, ಚಿತ್ರವನ್ನು ಬೆಳಗಿಸಿಬಿಡುತ್ತದೆ. ಕುರಿಯ ಮೈಯ ಸಹಜ ಕಪ್ಪು ಮಾಸಿದ ಬೂದುಬಣ್ಣವಾಗುತ್ತದೆ. ನೋಡಿದವರು ಹಳೆಯ ಮಾಲು ಎನ್ನುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಗತಿ, ಬೇರೆ ಕಾರಣಕ್ಕೆ. ಅದರಲ್ಲಿ ಹೊಲಿದಿರುವ ಕನ್ನಡಿ ಬಿಲ್ಲೆಗಳು ಬಟ್ಟೆಯನ್ನು ಹಾಸಿದಾಗ ಒಟ್ಟಾಗಿ ಮೇಲಕ್ಕೇ ಮುಖ ಮಾಡುತ್ತವೆ. ಮೇಲಿನ ಕ್ಯಾಮೆರಾಕ್ಕೆ ಅವುಗಳಲ್ಲಿ ಕಾಣುವುದು ಸೂರು, ಫ್ಲ್ಯಾಷು, ಇಲ್ಲವೇ ಫೋಟೊ ತೆಗೆಯುವವನ ಅಂಗಿ. ಮೈಮೇಲೆ ಅಲುಗಾಡುವಾಗ ಒಂದೊಂದಾಗಿ ಮಿಂಚಬೇಕೆಂದು ಕೂರಿಸಿದ ಕನ್ನಡಿಗಳಿಗೆ ಇದಕ್ಕಿಂತ ಅಪಮಾನ ಬೇಡ.

ಹಾಗಾದರೆ ಈ ಚಿತ್ರದಿಂದ ಲಾಭ ಯಾರಿಗೆ? ವಿನ್ಯಾಸವನ್ನಷ್ಟೇ ಬಯಸುವವರಿಗೆ. ನೆತ್ತಿಯ ಮೇಲಿನಿಂದ, ಸಮಬೆಳಕಿನಲ್ಲಿ, ಅಂಚಿನಿಂದ ಅಂಚಿಗೆ ತೆಗೆದ ಕೌದಿಯ ಚಿತ್ರವೆಂದರೆ ಅಚ್ಚು ಹಾಕುವವನ ಕೈಗೆ ಕೊಟ್ಟ ಸಿದ್ಧ ನಕ್ಷೆ. ನಕಲು ಮಾಡುವವನಿಗೆ ಬಟ್ಟೆಯ ಒಳಗುಟ್ಟು ಬೇಕಾದಾಗ ಚಿತ್ರ ಸಾಲದು ಎಂಬುದಕ್ಕೆ ಚರಿತ್ರೆಯಲ್ಲೇ ಪುರಾವೆ ಇದೆ. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತದ ಬಟ್ಟೆಗಳ 18 ಸಂಪುಟಗಳನ್ನು ಹೊರತಂದ. ಬ್ರಿಟನ್ನಿನ ಗಿರಣಿಗಳು ಇಲ್ಲಿನವರಿಗೆ ಬೇಕಾದ ಬಟ್ಟೆಯನ್ನು ಅರಿತು ನೇಯ್ದು ಇಲ್ಲಿಗೇ ಮಾರಲಿ ಎಂಬುದು ಉದ್ದೇಶ. ಫೋಟೊಗ್ರಫಿ ಆಗ ಹೊಸದೇನಲ್ಲ. ಆದರೂ ಅವನು ಆ ಸಂಪುಟಗಳಲ್ಲಿ ಇಟ್ಟದ್ದು ಚಿತ್ರಗಳನ್ನಲ್ಲ, ನಿಜವಾದ ಬಟ್ಟೆಯಿಂದ ಕತ್ತರಿಸಿದ 700 ತುಂಡುಗಳನ್ನು. ಇಪ್ಪತ್ತು ಪ್ರತಿ ಮಾಡಿಸಿ, ಹದಿಮೂರನ್ನು ಬ್ರಿಟನ್ನಿಗೂ ಏಳನ್ನು ಭಾರತಕ್ಕೂ ಹಂಚಿದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ನಮ್ಮ ನೇಕಾರರ ಎದುರಾಳಿಗಳಿಗೆ ಬಟ್ಟೆಯ ಬೆಲೆ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಕೈಗೆ ಸಿಗುವ ಹಾಗೆ, ಬೆರಳಲ್ಲಿ ಉಜ್ಜುವ ಹಾಗೆ, ಹಿಂದೆ ಮುಂದೆ ತಿರುವುವ ಹಾಗೆ ಕೊಟ್ಟರೇ ಬಟ್ಟೆ ಅರ್ಥವಾಗುವುದು. ಅಷ್ಟು ದೂರ ಹೋಗುವುದೂ ಬೇಡ, ಬಳ್ಳಾರಿಯ ಜೀನ್ಸ್ ಕೆಲಸದವರನ್ನೇ ಕೇಳಿ. ಡೆನಿಮ್ಮನ್ನು ಔನ್ಸಿನ ಲೆಕ್ಕದಲ್ಲಿ, ಅಂದರೆ ಚದರ ಗಜಕ್ಕೆ ಎಷ್ಟು ತೂಕ ಎಂದು ಕೇಳಿ ಕೊಳ್ಳುತ್ತಾರೆ. ಪ್ಯಾಂಟನ್ನು ಒಳಮುಖ ಮಾಡಿ ಹೊಲಿಗೆ ನೋಡುತ್ತಾರೆ. ಮೇಲಿನಿಂದ ತೆಗೆದ ಒಂದು ಫೋಟೊ ನಂಬಿ ಸಾವಿರ ಮೀಟರ್ ಡೆನಿಮ್ ತರಿಸುವ ಮೂರ್ಖ ಆ ಊರಿನಲ್ಲಿಲ್ಲ. ಕೌದಿ ಕೊಳ್ಳುವವರಿಂದ ಮಾತ್ರ ಆ ಮೂರ್ಖತನವನ್ನು ನಿರೀಕ್ಷಿಸುತ್ತೇವೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ವಸ್ತುಸಂಗ್ರಹಾಲಯಗಳದು. ಜಗತ್ತಿನ ದೊಡ್ಡ ಸಂಗ್ರಹಾಲಯಗಳೇ ಅಗಲವಾದ ಬಟ್ಟೆಗಳನ್ನು ಹಾಸಿ ಮೇಲಿನಿಂದ ತೆಗೆಯುತ್ತವಲ್ಲ, ಅವರಿಗಿಂತ ನಾವು ಬಲ್ಲೆವೇ? ಅವರು ಮಾಡಿದ್ದನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಸಿಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನಲ್ಲಿರುವ ಯೂನಿಕಾರ್ನ್ ಚಿತ್ರಪಟಗಳನ್ನು, ಐನೂರು ವರ್ಷ ಹಳೆಯ ನೇಯ್ಗೆಗಳನ್ನು, 1998ರಲ್ಲಿ ನೆಲಕ್ಕೆ ಹಾಸಿ ಮೇಲಿನಿಂದ ಡಿಜಿಟಲ್ ಚಿತ್ರ ತೆಗೆಯಿತು. ಒಂದೇ ಫೋಟೊದಲ್ಲಿ ಅಲ್ಲ. ಒಂದೇ ಫೋಟೊದಲ್ಲಿ ನೂಲು ಕಾಣುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತುಂಡುತುಂಡಾಗಿ, ಹತ್ತಿರದಿಂದ ತೆಗೆದರು. ಹಿಂಬದಿಯನ್ನೂ ತೆಗೆದರು, ಅಲ್ಲಿ ಬೆಳಕು ಸೋಕದ ಬಣ್ಣಗಳು ಇನ್ನೂ ತಾಜಾ ಇದ್ದವು. ಆದರೆ ಆ ತುಂಡುಗಳನ್ನು ಜೋಡಿಸಲು ಹೋದಾಗ ಅವು ಹೊಂದಲೇ ಇಲ್ಲ. ಕೊನೆಗೆ 2003ರಲ್ಲಿ ಗ್ರೆಗರಿ ಮತ್ತು ಡೇವಿಡ್ ಚುಡ್ನೊವ್‌ಸ್ಕಿ ಎಂಬ ಗಣಿತಜ್ಞ ಸಹೋದರರು ಒಂದು ಪಟದ ಚಿತ್ರವನ್ನು ಜೋಡಿಸಿಕೊಟ್ಟರು. ಅವರು ಕಂಡುಕೊಂಡ ಕಾರಣ ಇದು: ಒಂದು ಫೋಟೊಗೂ ಮುಂದಿನ ಫೋಟೊಗೂ ನಡುವೆ ಬಟ್ಟೆ ಕದಲಿತ್ತು. ಗೋಡೆಯಿಂದ ಇಳಿಸಿ ಹಾಸಿದ ನೂಲುಗಳು ಹಿಗ್ಗುತ್ತಾ ಕುಗ್ಗುತ್ತಾ ಜಾಗ ಬದಲಿಸುತ್ತಿದ್ದವು. ಅಷ್ಟು ಶಿಸ್ತಿನ, ಅಷ್ಟು ಹಣದ ಪ್ರಯತ್ನದಲ್ಲೂ ಬಟ್ಟೆ ಕಾಗದದ ಹಾಳೆಯ ಹಾಗೆ ಸಪಾಟಾಗಿ ಮಲಗಲು ಒಪ್ಪಲಿಲ್ಲ. ಸಂಗ್ರಹಾಲಯದ ಹೆಸರು ಹೇಳಿ ಮಾಳಿಗೆಯ ಒಂದು ಕ್ಲಿಕ್ಕನ್ನು ಸಮರ್ಥಿಸುವವರು ಅದರ ದುಡಿಮೆಯನ್ನು ಬಿಟ್ಟು ಭಂಗಿಯನ್ನು ಮಾತ್ರ ಎರವಲು ತಂದಿದ್ದಾರೆ.

ಎರಡನೆಯ ಆಕ್ಷೇಪ ನೀತಿಯದು. ಓರೆಯಾಗಿ, ಮಡಿಸಿ, ತೂಗುಹಾಕಿ ತೆಗೆದರೆ ಹರಕು ಮುಚ್ಚಿಡಬಹುದು, ಸಣ್ಣದನ್ನು ದೊಡ್ಡದಾಗಿ ತೋರಿಸಬಹುದು. ಮೇಲಿನ ಚಿತ್ರದಲ್ಲಿ ಆ ಮೋಸ ನಡೆಯದು ಎನ್ನುತ್ತಾರೆ. ಮೋಸ ಮಾಡುವವನಿಗೆ ಯಾವ ಕೋನವೂ ಅಡ್ಡಿಯಲ್ಲ, ಆ ಮಾತು ಬಿಡಿ. ಒಂದು ಚುಕ್ಕೆಗೆ 2.4 ಮಿಲಿಮೀಟರ್ ಸಿಗುವ ಚಿತ್ರದಲ್ಲಿ ನುಸಿ ತಿಂದ ತೂತು, ಬಿಟ್ಟುಹೋದ ಹೊಲಿಗೆ, ಸವೆದ ಎಳೆ ಯಾವುದೂ ಕಾಣುವುದಿಲ್ಲ. ಮೋಸಗಾರನಿಗೆ ಇದಕ್ಕಿಂತ ಅನುಕೂಲದ ಚಿತ್ರ ಬೇಕೇ? ಅಳತೆ ತಿಳಿಯಲು ಚಿತ್ರವೇ ಬೇಕಿಲ್ಲ, ಟೇಪು ಹಿಡಿದು ಉದ್ದ ಅಗಲ ಬರೆದರಾಯಿತು. ತೂಕವನ್ನೂ ಬರೆದರೆ ಕೌದಿಯ ಪದರಗಳ ಬಗ್ಗೆ ಹತ್ತು ಫೋಟೊ ಹೇಳದ್ದನ್ನು ಕಿಲೋ ಗ್ರಾಂ ಹೇಳುತ್ತದೆ. ತಕ್ಕಡಿ ಇಲ್ಲದ ಊರುಂಟೇ? ಆದರೂ ಮಾರಾಟಕ್ಕಿಟ್ಟ ಕೌದಿಯ ವಿವರದಲ್ಲಿ ತೂಕ ಬರೆಯುವವರು ಅಪರೂಪ.

ಮಾರಾಟದ ತಾಣಗಳೇ ಹೀಗೆ ಕೇಳುತ್ತವೆ ಎಂಬುದು ಮೂರನೆಯದು. ಅಮೆಜಾನಿನಂಥ ತಾಣ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆ ಕೇಳುತ್ತದೆ, ವಸ್ತು ಚೌಕಟ್ಟಿನ ಬಹುಪಾಲು ತುಂಬಿರಬೇಕು ಎನ್ನುತ್ತದೆ, ನಿಜ. ನೆಲಕ್ಕೆ ಹಾಸಿಯೇ ತೆಗೆಯಬೇಕೆಂದು ಅದರ ಅರ್ಥವಲ್ಲ. ಮಡಿಸಿಟ್ಟ ಕೌದಿಯೂ ಬಿಳಿ ಹಿನ್ನೆಲೆಯ ಮುಂದೆ ಕೂರುತ್ತದೆ. ಮುಖ್ಯ ಚಿತ್ರದ ಜೊತೆಗೆ ಇನ್ನೂ ಹಲವು ಚಿತ್ರ ಹಾಕಲು ಜಾಗ ಕೊಟ್ಟಿರುತ್ತಾರೆ, ಅದನ್ನು ಖಾಲಿ ಬಿಡುವವರು ನಾವು.

ತೂಗುಹಾಕಿದರೆ ಭಾರಕ್ಕೆ ಹೊಲಿಗೆ ಜಗ್ಗುತ್ತದೆ, ಹಳೆಯ ಬಟ್ಟೆ ಹರಿಯುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಇದನ್ನು ಒಪ್ಪಲೇಬೇಕು. ಅಜ್ಜಿಯ ಕಾಲದ ಕೌದಿಯನ್ನು ಎರಡು ಮೊಳೆಗೆ ಸಿಕ್ಕಿಸುವುದು ಅಪರಾಧವೇ ಸರಿ. ಆದರೆ ಅದಕ್ಕೆ ಪರಿಹಾರ ನೆಲವಲ್ಲ, ಇಳಿಜಾರು. ಹೊರಸನ್ನು ಗೋಡೆಗೆ ಓರೆಯಾಗಿ ಆನಿಸಿ, ಅದರ ಮೇಲೊಂದು ಬಿಳಿ ಪಂಚೆ ಹಾಸಿ, ಕೌದಿಯನ್ನು ಅದರ ಮೇಲೆ ಒರಗಿಸಿದರೆ ಭಾರವೆಲ್ಲ ಮೇಲಿನ ಅಂಚಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಕ್ಯಾಮೆರಾ ಹಿಡಿದವರು ನೆಲದ ಮೇಲೇ ನಿಂತು, ಬೇಕಾದಷ್ಟು ಹಿಂದೆ ಸರಿದು ತೆಗೆಯಬಹುದು. ಮೇಲಿನಿಂದ ತೆಗೆಯುವವರಿಗೆ ಇಲ್ಲದ ಸ್ವಾತಂತ್ರ್ಯ ಇದು: ಸೂರು ಹತ್ತು ಅಡಿಗೆ ಮುಗಿಯುತ್ತದೆ, ಅಂಗಳ ಮುಗಿಯುವುದಿಲ್ಲ. ದೂರ ಹೆಚ್ಚಿದಷ್ಟೂ ಅಂಚುಗಳ ಸೊಟ್ಟತನ ಕಡಿಮೆ. ಮಾಳಿಗೆಯ ಅಂಚಿನಿಂದ ಕಾಲು ಜಾರುವ ಭಯವೂ ಇಲ್ಲ.

ಜಮಖಾನವನ್ನಾದರೂ ಬಿಟ್ಟುಕೊಡಬಹುದಲ್ಲ, ಅದು ನೆಲಕ್ಕೇ ಹಾಸುವ ವಸ್ತು ಎಂದು ಕೇಳಬಹುದು. ಹಾಸುವುದು ನೆಲಕ್ಕೇ, ನಿಜ. ಆದರೆ ಅದನ್ನು ನೆತ್ತಿಯ ಮೇಲಿನಿಂದ ನೋಡುವುದು ಫ್ಯಾನು ಮಾತ್ರ. ಮದುವೆಮನೆಯ ಬಾಗಿಲಲ್ಲಿ ನಿಂತವರಿಗೆ, ಅದರ ಮೇಲೆ ಕುಳಿತವರಿಗೆ ಜಮಖಾನ ಕಾಣುವುದು ಓರೆಯಾಗಿಯೇ. ಭೌಗೋಳಿಕ ಗುರುತು ಪಡೆದ ನವಲಗುಂದದ ಜಮಖಾನಗಳನ್ನಂತೂ ಹೆಂಗಸರು ನಿಲುಮಗ್ಗದ ಮೇಲೆ ನೇಯುತ್ತಾರೆ. ನೇಯುವವರ ಕಣ್ಣೆದುರು ಅವು ಬೆಳೆಯುವುದು ನೆಟ್ಟಗೆ ನಿಂತು. ಆದರೂ ಇಲ್ಲಿ ಸ್ವಲ್ಪ ಸಡಿಲಿಸುತ್ತೇನೆ. ತೆಳ್ಳನೆಯ ಹತ್ತಿ ನೇಯ್ಗೆಯ ಜಮಖಾನದಲ್ಲಿ ವಿನ್ಯಾಸದ ಎಣಿಕೆ, ಅಂಚಿನ ಪಟ್ಟೆಗಳ ಕ್ರಮ, ನಡುವಿನ ಪಗಡೆಯ ಹಾಸು ಎಲ್ಲಿ ಕೂತಿದೆ ಎಂಬುದೆಲ್ಲ ಮುಖ್ಯ. ಅದನ್ನು ದಾಖಲಿಸುವವರಿಗೆ ಪೂರ್ಣಚಿತ್ರ ಬೇಕು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬರುತ್ತದೆ, ಆ ಪ್ರಯಾಣದ ದಾರಿ ಗುರುತಿಸಲೂ ಪೂರ್ಣಚಿತ್ರ ಉಪಯೋಗಕ್ಕೆ ಬಂದೀತು. ಆದರೆ ಮೂಲೆಗಳಲ್ಲಿ ಅವರು ಮಡಿಸಿ ಹೊಲಿಯುವ ‘ಫುಲ’ ಎಂಬ ತ್ರಿಕೋನದ ಪದರಗಳು ಆ ಚಿತ್ರದಲ್ಲಿ ಬರೀ ಬಣ್ಣದ ಚುಕ್ಕಿ. ಪೂರ್ಣಚಿತ್ರ ಇರಲಿ, ಎಲ್ಲಕ್ಕಿಂತ ಕೊನೆಯಲ್ಲಿ, ಪಕ್ಕದಲ್ಲಿ ಅಳತೆಯ ಟೇಪು ಇಟ್ಟುಕೊಂಡು, ನಕ್ಷೆಯ ಸ್ಥಾನದಲ್ಲಿ ಇರಲಿ. ಮುಖದ ಸ್ಥಾನ ಅದಕ್ಕೆ ಸಲ್ಲದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಮೊಬೈಲ್ ಫೋಟೊ ಕಲಿಸಲು ಬರುವವರಲ್ಲಿ ಕೇಳುವುದು ಇಷ್ಟೆ. ಏಣಿಯ ಪಾಠ ಬಿಡಿ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಅಂಚುಗಳು ಕಾಣುವ ಹಾಗೆ ಇಟ್ಟು, ಪಕ್ಕದಿಂದ ಬರುವ ಬೆಳಗಿನ ಬೆಳಕಿನಲ್ಲಿ ಕಣ್ಣಿನ ಮಟ್ಟದಿಂದ ಮೊದಲ ಚಿತ್ರ ತೆಗೆಸಿ; ಹೊಲಿಗೆಯ ಸಾಲು ಎಣಿಸಲು ಬರುವಷ್ಟು ಹತ್ತಿರದಿಂದ ಎರಡನೆಯದು; ಹಿಂಬದಿಯನ್ನು ಮಗುಚಿ ಮೂರನೆಯದು. ಕರಿ ಕಂಬಳಿಯ ಫೋಟೊ ತೆಗೆಯುವಾಗ ಪರದೆಯನ್ನು ಒತ್ತಿ ಬೆಳಕು ಇಳಿಸುವುದನ್ನು ಕಲಿಸಿ, ಅದಕ್ಕೆ ಅರ್ಧ ನಿಮಿಷ ಸಾಕು. ವಿವರದಲ್ಲಿ ಉದ್ದ, ಅಗಲ, ಪದರ, ತೂಕ ಬರೆಸಿ. ಇಷ್ಟಾದ ಮೇಲೂ ಹೊತ್ತು ಉಳಿದರೆ ಮಾಳಿಗೆ ಹತ್ತಿಸಿ.